ವಾರಕ್ಕೊಂದು ಗಂಟೆಯ ಆಟ: ಜಮೈಕಾದಿಂದ ಜಗತ್ತು ಕಲಿತದ್ದು

ಪುಟ್ಟ ಮಗುವಿಗೆ ಏನು ಬೇಕು ಅಂತ ಕೇಳಿದರೆ ನಾವು ಮೊದಲು ಹೇಳುವುದು ಹಾಲು, ಊಟ, ಲಸಿಕೆ, ನಿದ್ದೆ. ಎಲ್ಲವೂ ನಿಜ. ಆದರೆ ಹೊಟ್ಟೆ ತುಂಬಿದ, ಲಸಿಕೆ ಹಾಕಿಸಿಕೊಂಡ ಮಗುವಿಗೂ ಒಂದು ಕೊರತೆ ಇರಬಹುದು. ಅದರ ಜೊತೆ ಕೂತು ಆಡುವವರು, ಮಾತಾಡುವವರು ಇಲ್ಲದ ಕೊರತೆ. ತೂಕದ ಯಂತ್ರದಲ್ಲಿ ಇದು ಕಾಣುವುದಿಲ್ಲ. ಆದರೆ ಇದರ ಪರಿಣಾಮ ಮಗು ದೊಡ್ಡದಾಗಿ ದುಡಿಯಲು ಹೋಗುವ ವಯಸ್ಸಿನವರೆಗೂ ಇರುತ್ತದೆ. ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟದ್ದು ಕೆರಿಬಿಯನ್ ಸಮುದ್ರದ ಒಂದು ಚಿಕ್ಕ ದೇಶ, ಜಮೈಕಾ.

1986ರ ಹೊತ್ತಿಗೆ ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್‌ನ ಬಡ ಕೇರಿಗಳಲ್ಲಿ ಒಂದು ಅಧ್ಯಯನ ಶುರುವಾಯಿತು. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ, ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಸಂಗಡಿಗರ ಜೊತೆ ಸೇರಿ ಇದನ್ನು ನಡೆಸಿದರು. 9 ತಿಂಗಳಿಂದ 24 ತಿಂಗಳ ಒಳಗಿನ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು. ಅಂದರೆ ಬಹಳ ದಿನ ಸರಿಯಾದ ಆಹಾರ ಸಿಗದೆ, ಮತ್ತೆ ಮತ್ತೆ ಕಾಯಿಲೆ ಬಿದ್ದು ಬೆಳವಣಿಗೆ ನಿಂತವರು. ಈ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ 1 ಕೆಜಿ ಪೌಷ್ಟಿಕ ಹಾಲಿನ ಪುಡಿ. ಇನ್ನೊಂದು ಗುಂಪಿನ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಸಹಾಯಕಿಯ ಭೇಟಿ, ಸುಮಾರು ಒಂದು ಗಂಟೆ. ಮೂರನೆಯ ಗುಂಪಿಗೆ ಎರಡೂ. ನಾಲ್ಕನೆಯದಕ್ಕೆ ಈ ಎರಡೂ ಇಲ್ಲ, ಎಲ್ಲರಿಗೂ ಸಿಗುವ ಉಚಿತ ಆರೋಗ್ಯ ಸೇವೆ ಮಾತ್ರ. ಹೀಗೆ ಎರಡು ವರ್ಷ ನಡೆಯಿತು.

ಆ ಒಂದು ಗಂಟೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬರುತ್ತಿದ್ದವರು ಮನಶ್ಶಾಸ್ತ್ರ ಓದಿದವರಲ್ಲ. ನಮ್ಮ ಆಶಾ ಕಾರ್ಯಕರ್ತೆಯರಂಥ ಸ್ಥಳೀಯ ಹೆಂಗಸರು. ಕೆಲವು ವಾರಗಳ ತರಬೇತಿ ಪಡೆದವರು. ಅವರ ಚೀಲದಲ್ಲಿ ಅಂಗಡಿಯಿಂದ ಕೊಂಡ ದುಬಾರಿ ಆಟಿಕೆ ಇರಲಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿ, ಮುಚ್ಚಳ, ರಟ್ಟಿನ ಡಬ್ಬ, ಇಂಥವುಗಳಿಂದಲೇ ಆಟಿಕೆ ಮಾಡುತ್ತಿದ್ದರು. ಕೈಯಲ್ಲಿ ಬರೆದ ಚಿತ್ರಗಳನ್ನು ಹೊಲಿದು ಮಾಡಿದ ಪುಸ್ತಕವೂ ಇರುತ್ತಿತ್ತು. ನೆಲದ ಮೇಲೆ ಕೂತು ತಾಯಿಗೆ ತೋರಿಸುತ್ತಿದ್ದರು: ಈ ಡಬ್ಬದೊಳಗೆ ಮುಚ್ಚಳ ಹಾಕಿ, ಮಗುವಿನ ಕೈಗೆ ಕೊಡಿ. ಅದು ಏನು ಮಾಡುತ್ತದೆ ನೋಡಿ. ಅದು ಯಾವುದನ್ನು ನೋಡುತ್ತಿದೆಯೋ ಅದರ ಹೆಸರು ಹೇಳಿ. ಮಗು 'ಬಾ' ಅಂದರೆ ನೀವೂ ಏನಾದರೂ ಮಾತಾಡಿ. ಸರಿಯಾಗಿ ಮಾಡಿದರೆ ಜಾಣ ಅನ್ನಿ. ಹೋಗುವಾಗ ಆಟಿಕೆಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಮುಂದಿನ ವಾರ ಬಂದು ಅದನ್ನು ತೆಗೆದುಕೊಂಡು ಬೇರೆಯದನ್ನು ಕೊಡುತ್ತಿದ್ದರು.

ಮಗುವಿಗೆ ನೇರವಾಗಿ ಪಾಠ ಮಾಡುವುದು ಅವರ ಮುಖ್ಯ ಕೆಲಸ ಆಗಿರಲಿಲ್ಲ. ತಾಯಿಗೆ ಧೈರ್ಯ ತುಂಬುವುದು, ನನ್ನಿಂದ ಇದು ಆಗುತ್ತದೆ ಅನ್ನುವ ನಂಬಿಕೆ ಕೊಡುವುದು ದೊಡ್ಡ ಕೆಲಸ. ಮುಂದಿನ ಭೇಟಿಗೆ ಇನ್ನೂ ಆರು ದಿನ ಇರುತ್ತದೆ, ಅಲ್ವಾ? ಆ ಆರು ದಿನವೂ ಮಗುವಿನ ಜೊತೆ ಇರುವವಳು ಅವಳೇ.

1991ರಲ್ಲಿ ಮೊದಲ ಫಲಿತಾಂಶ ಪ್ರಕಟವಾಯಿತು. ಹಾಲಿನ ಪುಡಿಯಿಂದಲೂ ಉಪಯೋಗ ಆಗಿತ್ತು, ಆಟದಿಂದಲೂ ಆಗಿತ್ತು. ಎರಡೂ ಸಿಕ್ಕ ಮಕ್ಕಳು ಎರಡು ವರ್ಷದಲ್ಲಿ, ಚೆನ್ನಾಗಿ ಬೆಳೆದ ಮಕ್ಕಳಿಗೆ ಹೆಚ್ಚುಕಡಿಮೆ ಸಮನಾಗಿದ್ದರು. ಅಧ್ಯಯನ ಇಷ್ಟಕ್ಕೇ ನಿಂತಿದ್ದರೆ ಇವತ್ತು ಯಾರೂ ಇದರ ಬಗ್ಗೆ ಇಷ್ಟು ಮಾತಾಡುತ್ತಿರಲಿಲ್ಲ. ಆ ತಂಡ ಮಾಡಿದ ಅಪರೂಪದ ಕೆಲಸ ಏನೆಂದರೆ, ಆ ಮಕ್ಕಳನ್ನು ಬಿಡದೆ ಹಿಂಬಾಲಿಸಿದ್ದು. ಸೂಸನ್ ವಾಕರ್ ಮುಂತಾದವರು ದಶಕಗಳ ಕಾಲ ಅವರನ್ನು ಮತ್ತೆ ಮತ್ತೆ ಭೇಟಿ ಮಾಡಿದರು.

ಹಾಲಿನ ಪುಡಿಯಿಂದ ಆಗಿದ್ದ ಲಾಭ ವರ್ಷಗಳು ಕಳೆದ ಹಾಗೆ ಮಸುಕಾಯಿತು. ಆಟದ ಲಾಭ ಉಳಿಯಿತು. 17-18 ವರ್ಷ ಆದಾಗ ಆಟದ ಗುಂಪಿನವರ ಬುದ್ಧಿಶಕ್ತಿ, ಓದು ಎರಡೂ ಮುಂದಿದ್ದವು. ಅವರಲ್ಲಿ ಆತಂಕ, ಖಿನ್ನತೆ ಕಡಿಮೆ ಇತ್ತು. ತಮ್ಮ ಬಗ್ಗೆ ತಮಗೇ ಇರುವ ಗೌರವ ಜಾಸ್ತಿ ಇತ್ತು. 22ನೇ ವಯಸ್ಸಿನಲ್ಲಿ ಹೊಡೆದಾಟಕ್ಕೆ ಹೋಗುವುದು ಕಡಿಮೆ ಇತ್ತು, ಸಂಪಾದನೆ ಶೇ 25ರಷ್ಟು ಹೆಚ್ಚಿತ್ತು. 31ರ ವಯಸ್ಸಿನಲ್ಲಿ ಲೆಕ್ಕ ಹಾಕಿದಾಗ ಗಂಟೆಯ ಕೂಲಿಯಲ್ಲಿ ಶೇ 43ರಷ್ಟು ವ್ಯತ್ಯಾಸ ಕಂಡಿತು. ಇದು ಕೇವಲ 129 ಮಕ್ಕಳ ಕಥೆ ಅನ್ನುವುದನ್ನು ಮರೆಯಬಾರದು. ಇದೇ ಅಂಕಿ ಎಲ್ಲ ಊರಿನಲ್ಲೂ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಆದರೂ ಮಾತು ಬಾರದ ವಯಸ್ಸಿನಲ್ಲಿ ಆಡಿದ ಆಟ, ಹದಿನೈದು ವರ್ಷದ ನಂತರ ಒಬ್ಬ ಹುಡುಗಿಯ ಖಿನ್ನತೆಯನ್ನು ತಡೆಯಬಲ್ಲದು ಅನ್ನುವುದು ಸಣ್ಣ ವಿಷಯವಲ್ಲ.

ಇದು ಹೇಗೆ ಸಾಧ್ಯ?

ಎರಡು ವರ್ಷ ತುಂಬುವ ಹೊತ್ತಿಗೆ ಮಗುವಿನ ಮಿದುಳು ಗಾತ್ರದಲ್ಲಿ ದೊಡ್ಡವರ ಮಿದುಳಿನ ಸುಮಾರು ಶೇ 80ರಷ್ಟು ಆಗಿರುತ್ತದೆ. ಈ ವೇಳೆಯಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಸಂಪರ್ಕಗಳು ಹುಟ್ಟುತ್ತವೆ. ಆಮೇಲೆ ಬಳಕೆಯಾದವು ಉಳಿಯುತ್ತವೆ, ಬಳಸದವು ಹೋಗುತ್ತವೆ. ಹೊಲದ ಕಾಲುದಾರಿ ಹಾಗೇ ಅಲ್ವಾ? ಜನ ಓಡಾಡಿದ ಕಡೆ ದಾರಿ ಗಟ್ಟಿಯಾಗುತ್ತದೆ, ಓಡಾಡದ ಕಡೆ ಹುಲ್ಲು ಮುಚ್ಚುತ್ತದೆ. ಮಗು ನಗುತ್ತದೆ, ಅಮ್ಮ ತಿರುಗಿ ನಗುತ್ತಾಳೆ. ಮಗು ಬೆರಳು ತೋರಿಸುತ್ತದೆ, ಅಜ್ಜಿ 'ಅದು ಕಾಗೆ ಪುಟ್ಟಾ' ಅನ್ನುತ್ತಾಳೆ. ಮಗು ಅಳುತ್ತದೆ, ಅಪ್ಪ ಎತ್ತಿಕೊಂಡು ಬೆನ್ನು ತಟ್ಟುತ್ತಾನೆ. ದಿನಕ್ಕೆ ನೂರಾರು ಸಲ ಹೀಗೆ ಕೊಟ್ಟು ತೆಗೆದುಕೊಳ್ಳುವುದು ನಡೆದರೆ ಭಾಷೆ ಬೆಳೆಯುತ್ತದೆ. ಜೊತೆಗೆ, ಸಂಕಟ ಆದಾಗ ಸಮಾಧಾನ ಮಾಡಿಕೊಳ್ಳುವುದನ್ನೂ ಮಗು ಕಲಿಯುತ್ತದೆ. ಮೊದಲು ಬೇರೆಯವರು ಸಮಾಧಾನ ಮಾಡುತ್ತಾರೆ. ಕ್ರಮೇಣ ಅದು ಒಳಗೇ ಬರುತ್ತದೆ. ಪುಟ್ಟ ಮಗುವಿನ ಮಾನಸಿಕ ಆರೋಗ್ಯ ಅಂದರೆ ಬಹುಪಾಲು ಇದೇ.

1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಸರಳ ಪ್ರಯೋಗ ಮಾಡಿದರು. ತಾಯಿ ಮೊದಲು ಮಗುವಿನ ಜೊತೆ ಚೆನ್ನಾಗಿ ಆಡಬೇಕು. ಆಮೇಲೆ ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಮಗುವನ್ನೇ ನೋಡುತ್ತಾ ಸುಮ್ನೆ ಕೂತುಬಿಡಬೇಕು. ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಅದು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಉತ್ತರ ಬಾರದಿದ್ದಾಗ ಮುಖ ತಿರುಗಿಸಿಕೊಂಡು ಕುಗ್ಗುತ್ತದೆ. ತಾಯಿ ಮತ್ತೆ ಮಾತಾಡಿಸಿದ ಮೇಲೆ ಸುಧಾರಿಸಿಕೊಳ್ಳುತ್ತದೆ. ಟ್ರಾನಿಕ್ ಕಂಡುಕೊಂಡ ಇನ್ನೊಂದು ವಿಷಯವನ್ನು ಪ್ರತಿ ತಾಯಿಗೂ ಹೇಳಬೇಕು ಅನಿಸುತ್ತದೆ. ಎಷ್ಟೇ ಪ್ರೀತಿಯ ತಾಯಿಯಾದರೂ ಎಲ್ಲ ಸಲವೂ ಮಗುವಿನ ಮನಸ್ಸಿಗೆ ತಕ್ಕಂತೆ ಸ್ಪಂದಿಸಲು ಆಗುವುದಿಲ್ಲ. ತಪ್ಪುತ್ತದೆ, ಮತ್ತೆ ಸರಿಹೋಗುತ್ತದೆ. ಆ ಸರಿಹೋಗುವುದರಿಂದಲೇ ಮಗು ಧೈರ್ಯ ಕಲಿಯುತ್ತದೆ. ಹಾಗಾಗಿ ಅಡುಗೆ ಮಾಡುವಾಗ ಮಗು ಹತ್ತು ನಿಮಿಷ ಅತ್ತಿತು ಅಂತ ಯಾವ ತಾಯಿಯೂ ಕೊರಗಬೇಕಿಲ್ಲ. ತೊಂದರೆ ಆಗುವುದು ದಿನಗಟ್ಟಲೆ, ತಿಂಗಳುಗಟ್ಟಲೆ ಯಾರೂ ಸ್ಪಂದಿಸದಿದ್ದಾಗ.

ಹಾಗೆ ಯಾರೂ ಸ್ಪಂದಿಸದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ರೊಮೇನಿಯಾ ಸಾಕ್ಷಿ. 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದಾಗ ಆ ದೇಶದ ಅನಾಥಾಲಯಗಳಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಮಕ್ಕಳಿದ್ದರು. ನೋಡಿಕೊಳ್ಳುವವರು ತೀರಾ ಕಡಿಮೆ. ನಂತರ ರಾಜಧಾನಿ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ವಿಜ್ಞಾನಿಗಳು 136 ಮಕ್ಕಳ ಅಧ್ಯಯನ ಶುರುಮಾಡಿದರು. ಅರ್ಧ ಮಕ್ಕಳನ್ನು ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಕಳಿಸಿದರು. ಮನೆ ಸಿಕ್ಕ ಮಕ್ಕಳಲ್ಲಿ ಬುದ್ಧಿ, ಭಾಷೆ ಸುಧಾರಿಸಿತು. ಆತಂಕ, ಖಿನ್ನತೆಯ ತೊಂದರೆಗಳು ಕಡಿಮೆಯಾದವು. ಎರಡು ವರ್ಷಕ್ಕೆ ಮೊದಲೇ ಮನೆ ಸೇರಿದವರಲ್ಲಿ ಹಲವು ವಿಷಯಗಳಲ್ಲಿ ಚೇತರಿಕೆ ಜಾಸ್ತಿ ಇತ್ತು. ಅನಾಥಾಲಯದಲ್ಲಿ ಊಟ ಇತ್ತು, ಹಾಸಿಗೆ ಇತ್ತು. ಇದು ನನ್ನ ಮಗು ಅಂತ ಎತ್ತಿಕೊಳ್ಳುವವರು ಇರಲಿಲ್ಲ.

ಮಗುವಿಗೆ ಸ್ಪಂದಿಸಬೇಕಾದ ತಾಯಿಯೇ ಒಳಗೊಳಗೆ ಕುಸಿದಿದ್ದರೆ? ಈ ಪ್ರಶ್ನೆಯನ್ನು ಜಗತ್ತು ಬಹಳ ತಡವಾಗಿ ಕೇಳಿತು. ಬಾಣಂತಿ ಅಳುತ್ತಿದ್ದರೆ 'ದೃಷ್ಟಿ ಆಗಿದೆ', 'ನಿದ್ದೆ ಇಲ್ಲ, ಸರಿಹೋಗುತ್ತೆ' ಅಂತ ನಾವು ಸುಮ್ಮನಾಗುತ್ತೇವೆ. ಎಷ್ಟೋ ಸಲ ಸರಿಹೋಗುತ್ತದೆ ಕೂಡ. ಆದರೆ ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಮಗುವನ್ನು ನೋಡಿದರೂ ಏನೂ ಅನಿಸುವುದಿಲ್ಲ, ಬದುಕೇ ಬೇಡ ಅನಿಸುತ್ತದೆ ಎಂದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ.

ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಅತೀಫ್ ರೆಹಮಾನ್ ಎಂಬ ಮನೋವೈದ್ಯರ ತಂಡ ಇದಕ್ಕೊಂದು ದಾರಿ ಹುಡುಕಿತು. ಅಲ್ಲಿ ಮನೆ ಮನೆಗೆ ಹೋಗುವ ಲೇಡಿ ಹೆಲ್ತ್ ವರ್ಕರ್‌ಗಳಿದ್ದಾರೆ. ಆಪ್ತ ಸಮಾಲೋಚನೆಯ ಕೆಲವು ವಿಧಾನಗಳನ್ನು ಸರಳ ಮಾಡಿ ಅವರಿಗೇ ಕಲಿಸಿದರು. ಅವರು ಖಿನ್ನತೆ ಇದ್ದ ಗರ್ಭಿಣಿಯರ ಬಳಿ 'ನಿಮಗೆ ಖಿನ್ನತೆ ಇದೆ' ಅಂತ ಮಾತು ಶುರುಮಾಡುತ್ತಿರಲಿಲ್ಲ. 'ಮಗು ಚೆನ್ನಾಗಿ ಬೆಳೆಯಲು ಏನು ಮಾಡೋಣ' ಅಂತ ಶುರುಮಾಡುತ್ತಿದ್ದರು. ಹಾಗಾಗಿ ಅತ್ತೆ, ಗಂಡ ಕೂಡ ಅಡ್ಡಿ ಮಾಡದೆ ಜೊತೆಗೂಡಿದರು. 2008ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಮಗುವಿಗೆ 6 ತಿಂಗಳಾದಾಗ, ಈ ನೆರವು ಸಿಕ್ಕ ತಾಯಂದಿರಲ್ಲಿ ಶೇ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು. ಸಿಗದವರಲ್ಲಿ ಶೇ 53 ಮಂದಿಗೆ ಇತ್ತು. ಮಕ್ಕಳಿಗೆ ಭೇದಿ ಕಡಿಮೆಯಾಯಿತು, ಲಸಿಕೆ ಹಾಕಿಸುವುದು ಹೆಚ್ಚಾಯಿತು. ತಂದೆ ತಾಯಿ ಇಬ್ಬರೂ ಮಗುವಿನ ಜೊತೆ ಜಾಸ್ತಿ ಆಡುತ್ತಿದ್ದರು. ಇದನ್ನೂ ಪೂರ್ತಿ ಹೇಳಬೇಕು: 7 ವರ್ಷದ ನಂತರ ನೋಡಿದಾಗ ಎರಡೂ ಗುಂಪಿನ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಇರಲಿಲ್ಲ. ಒಂದು ವರ್ಷದ ನೆರವು ಇಡೀ ಬಾಲ್ಯಕ್ಕೆ ಸಾಲುವುದಿಲ್ಲ. ಆದರೆ ತಾಯಿ ಆ ಕತ್ತಲೆಯಿಂದ ಹೊರಬಂದಳಲ್ಲ, ನನ್ನ ಮಟ್ಟಿಗೆ ಅದೊಂದೇ ಸಾಕು ಈ ಕೆಲಸ ಮಾಡಲು. ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಕೈಪಿಡಿ ಮಾಡಿ ಹೊರತಂದಿದೆ. ಗೋವಾದಲ್ಲೂ ಇದರ ಒಂದು ರೂಪವನ್ನು ಪ್ರಯೋಗ ಮಾಡಿ ನೋಡಿದ್ದಾರೆ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲು ಮಾಡಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಂಥ ಅಧ್ಯಯನಗಳು ಒಂದೊಂದಾಗಿ ಸೇರಿ ಜಾಗತಿಕ ಮಟ್ಟದಲ್ಲಿ ಒತ್ತಡ ತಂದವು. 2007ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಜಮೈಕಾದ ಅದೇ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟರು. ಬಡತನ ಮತ್ತು ಅಪೌಷ್ಟಿಕತೆಯಿಂದಾಗಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 5 ವರ್ಷದೊಳಗಿನ 20 ಕೋಟಿಗೂ ಹೆಚ್ಚು ಮಕ್ಕಳು ತಮ್ಮ ಶಕ್ತಿಗೆ ತಕ್ಕಂತೆ ಬೆಳೆಯುತ್ತಿಲ್ಲ ಎಂದರು. 2016ರಲ್ಲಿ ಹೊಸ ವಿಧಾನದಲ್ಲಿ ಲೆಕ್ಕ ಹಾಕಿದಾಗ ಆ ಸಂಖ್ಯೆ 25 ಕೋಟಿ ಆಯಿತು, ಅಂದರೆ ಆ ದೇಶಗಳ ಮಕ್ಕಳಲ್ಲಿ ಶೇ 43. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಬ್ಯಾಂಕ್ ಸೇರಿ ಪೋಷಣೆ ಭರಿತ ಆರೈಕೆಯ ಚೌಕಟ್ಟು ಒಂದನ್ನು ಮುಂದಿಟ್ಟವು. ಆರೋಗ್ಯ, ಆಹಾರ, ಸ್ಪಂದಿಸುವ ಆರೈಕೆ, ಸುರಕ್ಷತೆ, ಕಲಿಯುವ ಅವಕಾಶ. ಈ ಐದೂ ಒಟ್ಟಿಗೆ ಸಿಗಬೇಕು ಅನ್ನುವುದು ಅದರ ತಿರುಳು. ಮೊದಲೆರಡಕ್ಕೆ ಸರ್ಕಾರಗಳಲ್ಲಿ ಇಲಾಖೆ ಇದೆ, ಬಜೆಟ್ ಇದೆ. ಮೂರನೆಯದಕ್ಕೆ ಎಲ್ಲಿದೆ?

ಕಷ್ಟ ಶುರುವಾಗುವುದು ಇಲ್ಲೇ. ಜಮೈಕಾದಲ್ಲಿ 129 ಮಕ್ಕಳಿಗೆ ಮಾಡಿದ್ದನ್ನು ಲಕ್ಷಾಂತರ ಮಕ್ಕಳಿಗೆ ಮಾಡುವುದು ಹೇಗೆ? ಪೆರು ದೇಶ 2012ರಲ್ಲಿ ಕೂನಾ ಮಾಸ್ ಅನ್ನುವ ಯೋಜನೆ ಶುರುಮಾಡಿ ಹಳ್ಳಿಗಾಡಿನಲ್ಲಿ ಮನೆಭೇಟಿ ನಡೆಸಿತು. ಮಕ್ಕಳಲ್ಲಿ ಸುಧಾರಣೆ ಕಂಡಿತು, ಆದರೆ ಜಮೈಕಾಕ್ಕೆ ಹೋಲಿಸಿದರೆ ತುಂಬಾ ಚಿಕ್ಕದು. ಕೊಲಂಬಿಯಾದಲ್ಲಿ ಒಳ್ಳೆಯ ಫಲ ಬಂತು. ಆದರೆ ಭೇಟಿ ನಿಂತ ಎರಡು ವರ್ಷಕ್ಕೆ ಅದು ಕರಗಿಹೋಯಿತು. ಬ್ರೆಜಿಲ್ 2016ರಲ್ಲಿ ಕ್ರಿಯಾನ್ಸಾ ಫೆಲಿಸ್ ಅಂದರೆ 'ನಲಿಯುವ ಮಗು' ಅನ್ನುವ ದೊಡ್ಡ ಯೋಜನೆ ತಂದಿತು. ವಿಶ್ವದಲ್ಲೇ ಅತಿ ದೊಡ್ಡ ಮನೆಭೇಟಿ ಯೋಜನೆಗಳಲ್ಲಿ ಅದೂ ಒಂದು. ಸ್ವತಂತ್ರ ತಂಡವೊಂದು ಪರೀಕ್ಷೆ ಮಾಡಿದಾಗ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ವಿಧಾನ ತಪ್ಪಾಗಿತ್ತು ಅಂತ ಅಲ್ಲ. ಕಾರ್ಯಕರ್ತೆಯರಿಗೆ ಸಿಗಬೇಕಾದ ತರಬೇತಿ ಸಿಗಲಿಲ್ಲ, ಜೊತೆಗೆ ನಿಂತು ತಿದ್ದುವವರು ಇರಲಿಲ್ಲ, ಭೇಟಿಗಳು ಅಂದುಕೊಂಡಷ್ಟು ಆಗಲಿಲ್ಲ. ಯೋಜನೆಯ ಹೆಸರು ಎಲ್ಲ ಕಡೆ ಮುಟ್ಟಿತು, ಆ ಒಂದು ಗಂಟೆ ಮುಟ್ಟಲಿಲ್ಲ.

ಈ ವಿಷಯದಲ್ಲಿ ಒಡಿಶಾದ ಅನುಭವ ನಮಗೆ ಹತ್ತಿರದ್ದು. ಕಟಕ್ ನಗರದ ಕೊಳೆಗೇರಿಗಳಲ್ಲಿ ಜಮೈಕಾದ ಮಾದರಿಯಲ್ಲೇ ಮನೆಭೇಟಿ ನಡೆಸಿದರು. ಸ್ಥಳೀಯ ಹೆಂಗಸರೇ 18 ತಿಂಗಳು ಪ್ರತಿ ವಾರ ಹೋದರು. ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ಸ್ಪಷ್ಟ ಲಾಭ ಆಯಿತು. ಆಮೇಲೆ ಒಡಿಶಾದ 192 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಮನೆ ಮನೆಗೆ ಹೋಗುವ ಬದಲು ಏಳೆಂಟು ತಾಯಂದಿರನ್ನು ಮಕ್ಕಳ ಜೊತೆ ಒಂದು ಕಡೆ ಸೇರಿಸಿ ಆಡಿಸಿದರೆ ಹೇಗೆ ಅಂತ ನೋಡಿದರು. ಫಲ ಹೆಚ್ಚುಕಡಿಮೆ ಅಷ್ಟೇ ಬಂತು. ಖರ್ಚು ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ತಾಯಂದಿರು ಒಬ್ಬರ ಮಗುವನ್ನು ನೋಡಿ ಇನ್ನೊಬ್ಬರು ಕಲಿಯುತ್ತಾರೆ ಅನ್ನುವುದು ಹಳ್ಳಿಯ ಜಗಲಿ ಬಲ್ಲವರಿಗೆ ಆಶ್ಚರ್ಯದ ಮಾತಲ್ಲ.

ಕರ್ನಾಟಕಕ್ಕೆ ಇದನ್ನು ಹೊಸದಾಗಿ ಕಟ್ಟಬೇಕಾಗಿಯೇ ಇಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಅದರಲ್ಲಿತ್ತು. ಇವತ್ತು ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣದ ಬಿಸಿಯೂಟ ಇದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಬಂದಿವೆ. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಕಿಂಗ್‌ಸ್ಟನ್‌ನಲ್ಲಿ ಹುಡುಕಿ ಆರಿಸಿಕೊಂಡಂಥ ಮಕ್ಕಳು ಇಲ್ಲಿ ಮೂವರಲ್ಲಿ ಒಬ್ಬರು.

ನಮ್ಮಲ್ಲಿ ಜಾಸ್ತಿ ಚರ್ಚೆ ನಡೆಯುವುದು ಎಲ್‌ಕೆಜಿ, ಯುಕೆಜಿ ಎಲ್ಲಿ ಇರಬೇಕು, ಇಂಗ್ಲಿಷ್ ಯಾವಾಗ ಕಲಿಸಬೇಕು ಅನ್ನುವುದರ ಬಗ್ಗೆ. 3 ವರ್ಷ ದಾಟಿದ ಮಕ್ಕಳ ಬಗ್ಗೆ. ಅದಕ್ಕಿಂತ ಚಿಕ್ಕವರಿಗೆ ಅಂಗನವಾಡಿಯಿಂದ ಮನೆಗೆ ಬರುವುದು ಮುಖ್ಯವಾಗಿ ಆಹಾರದ ಪೊಟ್ಟಣ. 2024ರಲ್ಲಿ ಕೇಂದ್ರ ಸರ್ಕಾರ ಹುಟ್ಟಿನಿಂದ 3 ವರ್ಷದವರೆಗಿನ ಮಕ್ಕಳ ಆಟ, ಮಾತಿಗಾಗಿಯೇ ನವಚೇತನ ಎಂಬ ಮಾರ್ಗದರ್ಶಿ ತಂದಿದೆ. ತಿಂಗಳು ತಿಂಗಳಿಗೂ ಮಾಡಿಸಬಹುದಾದ ಚಟುವಟಿಕೆಗಳು ಅದರಲ್ಲಿವೆ. ಕಾಗದದ ಮೇಲೆ ಒಳ್ಳೆಯ ಕೆಲಸ. ಆದರೆ ಅದನ್ನು ಮಾಡಿಸಬೇಕಾದ ಟೀಚರ್ ಬೆಳಿಗ್ಗೆಯಿಂದ ಸಂಜೆವರೆಗೆ ದೊಡ್ಡ ಮಕ್ಕಳನ್ನು ನೋಡಬೇಕು. ಅಡುಗೆ, ಹಾಜರಿ, ತೂಕ, ದಾಸ್ತಾನು ಪುಸ್ತಕ ನೋಡಬೇಕು. ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಬೇಕು. ನಡುವೆ ಸಮೀಕ್ಷೆ, ಚುನಾವಣೆ ಪಟ್ಟಿಯ ಕೆಲಸ ಬಂದರೆ ಅದಕ್ಕೂ ಹೋಗಬೇಕು. ಸಿಗುವುದು ಗೌರವಧನ, ಸಂಬಳವಲ್ಲ. ಇಷ್ಟರ ಮೇಲೆ ಮನೆಭೇಟಿಗೆ ಹೋಗಿ ಒಂದು ಗಂಟೆ ನೆಲದ ಮೇಲೆ ಕೂತು ಡಬ್ಬ ಮುಚ್ಚಳ ಆಡಿಸಿ ಅಂದರೆ ಯಾವಾಗ ಆಡಿಸುತ್ತಾರೆ?

ಇದಕ್ಕೆ ಉತ್ತರ ಪಕ್ಕದ ತಮಿಳುನಾಡಿನಲ್ಲೇ ಸಿಕ್ಕಿದೆ. ಅಲ್ಲಿ 640 ಅಂಗನವಾಡಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಅರ್ಧದಷ್ಟು ಕೇಂದ್ರಗಳಿಗೆ ಅರ್ಧ ದಿನ ಕೆಲಸ ಮಾಡುವ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಹೊಸಬರು ಮಕ್ಕಳಿಗೆ ಆಟ ಪಾಠ ನೋಡಿಕೊಂಡರು. ಹಳಬರಿಗೆ ಆರೋಗ್ಯ, ಆಹಾರದ ಕೆಲಸಕ್ಕೆ ಬಿಡುವು ಸಿಕ್ಕಿತು. ಮಕ್ಕಳಿಗೆ ಕಲಿಸುವ ಸಮಯ ಎರಡು ಪಟ್ಟಾಯಿತು. ಲೆಕ್ಕ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಬಂದರು. ಎತ್ತರ ಬೆಳೆಯದ, ತೀವ್ರ ಅಪೌಷ್ಟಿಕತೆ ಇರುವ ಮಕ್ಕಳ ಪ್ರಮಾಣವೂ ಇಳಿಯಿತು. ಆಗುವ ಖರ್ಚಿಗಿಂತ ಮುಂದೆ ಬರುವ ಲಾಭ ಎಷ್ಟೋ ಪಟ್ಟು ಹೆಚ್ಚು ಅಂತ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಆ ಅಧ್ಯಯನ 3 ವರ್ಷ ಮೇಲಿನ ಮಕ್ಕಳ ಕಲಿಕೆಗಾಗಿ ಮಾಡಿದ್ದು. ಆದರೆ ಅದೇ ಎರಡನೆಯ ಕಾರ್ಯಕರ್ತೆ ನಮ್ಮ ಕೇಂದ್ರಗಳಲ್ಲೂ ಇದ್ದರೆ, ವಾರಕ್ಕೊಂದು ಮಧ್ಯಾಹ್ನ ಟೀಚರ್ ಏಳೆಂಟು ತಾಯಂದಿರನ್ನು ಅವರ ಕೂಸುಗಳ ಜೊತೆ ಕೂರಿಸಿಕೊಳ್ಳಬಹುದು. ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ, ಮತ ಕೇಳಲು ಬಂದವರ ಎದುರಿನಲ್ಲಿ ಕಟ್ಟಡ, ಮೊಟ್ಟೆ, ಗ್ಯಾಸ್ ಸಿಲಿಂಡರ್ ಬಗ್ಗೆ ನಾವು ಕೇಳುತ್ತಲೇ ಇರುತ್ತೇವೆ. ಇನ್ನು ಮೇಲೆ ಇದನ್ನೂ ಸೇರಿಸಿ ಕೇಳಬೇಕು: ನಮ್ಮ ಅಂಗನವಾಡಿಗೆ ಇನ್ನೊಬ್ಬ ಟೀಚರ್ ಯಾವಾಗ ಬರುತ್ತಾರೆ?